ಬೆನ್ನ ಹಿಂದಿನ ಕೈ

ಸ್ಪಿರಿಟ್ ಬೆರೆಸಿದ ಡೀಸೆಲ್ಲಿನ ಕ್ಯಾನನ್ನು ರಂಜಿತ ಮುಂದಕ್ಕೆ ಚಾಚಿದರೆ, ಅವಳಪ್ಪ ಪುಟ್ಟರಾಜು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟ. ಕಬ್ಬಿನ ಕಾಕಂಬಿಯಿಂದ ಇಳಿಸಿದ ಆ ಸ್ಪಿರಿಟ್ಟು ಹಾಕಿ ಅಪ್ಪನ ಟ್ರಾಕ್ಟರನ್ನೇ ಓಡಿಸಿ ತೋರಿಸುವುದು ಅವಳ ಕೊನೆಯ ವರ್ಷದ ಪ್ರಾಜೆಕ್ಟು. ನೋಡಲೆಂದು ಕಾಲೇಜಿನ ಮೇಷ್ಟ್ರೂ ಗೆಳತಿಯರೂ ಪಾಂಡವಪುರದಾಚೆಯ ಈ ಗದ್ದೆಬಯಲಿಗೆ ಬಂದು ನಿಂತಿದ್ದರು.

“ಟ್ಯಾಂಕಿಗೆ ಉಯ್ಯಪ್ಪ, ಎಲ್ರೂ ಕಾಯ್ತಾವ್ರೆ.”

“ನೀನೇ ಉಯ್ಯವ್ವ. ಓಡ್ಸಾದು ನಾನು ಓಡುಸ್ತೀನಿ.”

ಕ್ಯಾನಿನಿಂದ ಡೀಸೆಲ್ಲನ್ನೂ ಮೀರಿ ಬಾರಿನ ಬಾಗಿಲಲ್ಲಿ ಬರುವಂಥದೇ ವಾಸನೆ. ಗೆಳತಿಯೊಬ್ಬಳು ಮೂಗು ಮುಚ್ಚಿ ನಕ್ಕಳು. ಆ ನಗು ಅಪ್ಪನನ್ನು ನೋಡಿಯೇ ಬಂದದ್ದೆನಿಸಿ ರಂಜಿತಳ ಮೈಯೆಲ್ಲ ಉರಿದುಹೋಯಿತು.

“ಕುಡ್ದು ಗದ್ದೆ ಬದಿನ ಮೇಲೆ ಬಿದ್ದಿರ್ತಿದ್ಯಲ್ಲ, ಆಗಿಲ್ದಿದ್ ಮಡಿ ಈಗೆಲ್ಲಿಂದ ಬಂತು?”

ನಗು ನಿಂತಿತು. ಮೇಷ್ಟ್ರು ಕಬ್ಬಿನ ಕಡೆಗೆ ಮುಖ ತಿರುಗಿಸಿದರು. ಪುಟ್ಟರಾಜು ಮಗಳ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದ: “ಕುಡಿಯಾಕಿಲ್ಲ ಅಂತ ಅಷ್ಟೇ ಅಲ್ಲ ಕಣವ್ವ, ಕೈಯಲ್ಲೂ ಮುಟ್ಟಾಕಿಲ್ಲ ಅಂತ ಆಣೆ ಮಾಡಿವ್ನಿ. ನಿನ್ ತಲೆ ಮ್ಯಾಲೆ ಕೈ ಮಡಗಿ. ನೀನು ಮಲಗಿದ್ದೆ, ನಿಂಗೊತ್ತಿಲ್ಲ.”

ರಂಜಿತ ಮುಚ್ಚಳ ತಿರುಗಿಸಿ ಟ್ಯಾಂಕಿಗೆ ತಾನೇ ಸುರಿದಳು. ಕೈಮೇಲೆಲ್ಲ ಚೆಲ್ಲಿತು. ಗಾಳಿಗೆ ಹಣೆಗಿಳಿದ ಕೂದಲನ್ನು ಸರಿಸಲು ಕೈ ಎತ್ತಿದವಳ ಮೂಗಿಗೆ ಬೆರಳುಗಳಿಂದ ಅದೇ ವಾಸನೆ ಬಡಿಯಿತು. ಆ ಕೈಯನ್ನು ತಲೆಗೆ ಮುಟ್ಟಿಸಲಾರದೆ, ಕೆಳಗಿಳಿಸಲೂ ಆಗದೆ, ಅಪ್ಪನಿಗೆ ಬೆನ್ನು ಮಾಡಿ ಹಾಗೇ ನಿಂತಳು.