ಬಸುರಿ ಅಳಬಾರದು

ಬಸುರಿ ಅಳಬಾರದು ಎನ್ನುವುದು ವಾರಿಜಮ್ಮನವರ ಕಾನೂನು. ಸೊಸೆ ಮೇಧಾಳ ಮೊದಲ ಗರ್ಭ ಐದನೇ ತಿಂಗಳಲ್ಲಿ ಇಳಿದುಹೋಗಿತ್ತು. ಹಾಗಾಗಿ ಈ ಸಲ ಟಿ.ವಿ.ಯ ಅಳುಬುರುಕ ಧಾರಾವಾಹಿಗಳಿಗೂ ಆ ಮನೆಯೊಳಗೆ ಪ್ರವೇಶವಿರಲಿಲ್ಲ. ಮೇಧಾಳ ಮುಖ ಸ್ವಲ್ಪ ಬಾಡಿದರೆ ಸಾಕು, "ನಗ್ತಾ ಇರಮ್ಮ, ಒಳಗಿರೋ ಕೂಸಿಗೆ ಎಲ್ಲಾ ಗೊತ್ತಾಗುತ್ತೆ" ಎನ್ನುತ್ತಿದ್ದರು. ಮೇಧಾ ನಗುತ್ತಿದ್ದಳು.

ಏಳನೇ ತಿಂಗಳಿಗೆ ಅವಳ ಬಿ.ಪಿ. ಏರಿತು, ಮಗುವಿನ ತೂಕ ಏರಲಿಲ್ಲ. ಡಾಕ್ಟರಮ್ಮ ಮೇಧಾ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ಆಮೇಲೆ ಅತ್ತೆಯನ್ನು ಒಳಗೆ ಕರೆದರು.

"ಹೋದ ಸಲದ ಹಾಗೇ ಆಗುತ್ತೇನೋ ಅಂತ ಹುಡುಗಿ ಹೆದರಿಹೋಗಿದ್ದಾಳೆ. ಭಯ ಒಳಗೇ ಇಟ್ಕೊಂಡ್ರೆ ಮಗೂಗೂ ತಟ್ಟಬಹುದು. ಮಾತ್ರೆ ನಾನು ಕೊಡ್ತೀನಿ. ಅಳು ಬಂದ್ರೆ ಅಳೋಕೆ ನೀವು ಬಿಡಿ."

"ಅಳಬೇಡ ಅಂತ ನಾನೇ ಹೇಳಿ, ಈಗ ಯಾವ ಬಾಯಲ್ಲಿ ಅಳು ಅನ್ನಲಿ?"

"ಅದು ನಿಮಗೆ ಬಿಟ್ಟಿದ್ದು" ಎಂದು ಡಾಕ್ಟರಮ್ಮ ನಕ್ಕರು.

ಸಂಜೆ ಕೆಲಸದಿಂದ ಬಂದ ಮಗ ಪ್ರಾಣೇಶ ಬಾಗಿಲಲ್ಲೇ ನಿಂತುಬಿಟ್ಟ. ಅತ್ತೆ ಸೊಸೆ ಊಟದ ಮೇಜಿಗೆ ಎದುರುಬದುರು ಕೂತು ಏನೋ ಹೆಚ್ಚುತ್ತಿದ್ದರು. ಇಬ್ಬರ ಕಣ್ಣಲ್ಲೂ ನೀರು. ಮೇಧಾಳಂತೂ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಏನಾಯ್ತಮ್ಮಾ?"

"ಏನಿಲ್ಲ ಕಣೋ. ಈರುಳ್ಳಿ ಘಾಟು."

ಪ್ರಾಣೇಶ ಕಕ್ಕಾಬಿಕ್ಕಿಯಾದ. "ಈರುಳ್ಳೀನಾ? ಅಜ್ಜನ ಕಾಲದಿಂದ ನಮ್ಮನೇಲಿ ಯಾರೂ ಈರುಳ್ಳಿ ತಿನ್ನಲ್ವಲ್ಲಮ್ಮ?"

"ತಿನ್ನೋಕೆ ಅಂತ ಯಾರು ತಂದ್ರು?" ಎನ್ನುತ್ತ ವಾರಿಜಮ್ಮ ಸೊಸೆಯ ಮುಂದಕ್ಕೆ ಇನ್ನೊಂದು ಗಡ್ಡೆ ಉರುಳಿಸಿದರು.