ಕತ್ತಲ ಕೋಣೆಗೆ ಬಂದ ದೀಪ

ಮಕ್ಕಳೇ, ಫಿಲಂ ತೊಳೆಯುವ ಹಳೆಯ ಮಿಷನ್ನನ್ನು ಅಟ್ಟದಿಂದ ಇಳಿಸಿ ನೀವು ರಿಪೇರಿ ಮಾಡುತ್ತಿದ್ದೀರಿ, ಫಿಲಂ ತೊಳೆಯಲು ಕಲಸಿಟ್ಟ ಹೈಪೋ ರಾಸಾಯನಿಕದ ಹುಳಿ ವಾಸನೆ ಅಡುಗೆಮನೆಯವರೆಗೂ ಬರುತ್ತಿದೆ.

ಆ ಮಿಷನ್ನು ನಂಜನಗೂಡಿನಲ್ಲಿದ್ದ ನನ್ನ ಸೋದರಮಾವನದು. ಮನೆಯ ಉಗ್ರಾಣವೇ ಅವನ ಡಾರ್ಕ್ ರೂಮು. ಒಂದು ಮಧ್ಯಾಹ್ನ ನರಸೀಪುರದ ಕಡೆಯ ಹೆಂಗಸೊಬ್ಬಳು ಬಂದು, ಸೂತಕವೆಂದು ಒಳಗೆ ಬಾರದೆ, ಆಗಿನ್ನೂ ಚಿಕ್ಕವಳಾಗಿದ್ದ ನಾನು ಕುಳಿತಿದ್ದ ಜಗಲಿಯಲ್ಲೇ ಕುಳಿತಳು. ಹಿಂದಿನ ದಿನ ಅವಳ ಮಗು ತೀರಿಕೊಂಡಿತ್ತು. ಮಣ್ಣು ಮಾಡುವ ಮುಂಚೆ ಮಾವ ಹೋಗಿ, ಅದಕ್ಕೆ ಕುಲಾವಿ ಕಟ್ಟಿಸಿ, ಅವಳ ತೊಡೆಯ ಮೇಲೆ ಒರಗಿಸಿ ಫೋಟೋ ತೆಗೆದಿದ್ದ. ಆ ಮಗುವಿನದು ಬೇರೆ ಫೋಟೋ ಇರಲಿಲ್ಲ.

ಮಾವ ಆ ಫಿಲಂ ತೊಳೆಯಲು ಉಗ್ರಾಣದೊಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಒಳ್ಗೆ ದೀಪ ಅದಾ ಪುಟ್ಟಿ?" ಎಂದಳು.

"ಇಲ್ಲ ಕಣಕ್ಕ, ಫಿಲಂ ತೊಳ್ಯೋವಾಗ ಕತ್ಲೇನೇ ಇರ್ಬೇಕು."

"ತಿಥಿ ಆಗೋಗಂಟ ತಲೆತಾವು ದೀಪ ಇರ್ಬೇಕು ಕಣವ್ವ. ಕತ್ಲಲ್ಲಿ ಮಡಗವ್ರಲ್ಲ ನನ್ ಕೂಸ್ನ!"

ನಾನು ಏಳುವಷ್ಟರಲ್ಲಿ ಅವಳು ಗೂಡಿನಲ್ಲಿ ಉರಿಯುತ್ತಿದ್ದ ದೀಪ ಎತ್ತಿಕೊಂಡು ಬಾಗಿಲು ತಳ್ಳಿದ್ದಳು. ಮಾವ ಫಿಲಂ ಸುತ್ತಿದ ಮಿಷನ್ನಿನ ಡ್ರಮ್ಮನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಅವಳು ಪಕ್ಕದಲ್ಲೇ ದೀಪವಿಟ್ಟು, ಬತ್ತಿ ಸರಿಮಾಡಿ, "ಈಗ ತೊಳಿಯಣ್ಣ," ಎಂದಳು.

ಬೆಳಕು ಬಿದ್ದ ಫಿಲಂ ಪೂರಾ ಮಸಿಯಂತೆ ಕಪ್ಪಾಯಿತು.

"ಎಲ್ಲಣ್ಣ ನನ್ ಕೂಸು?"

ಮಾವ ದೀಪದ ಮಾತೆತ್ತಲಿಲ್ಲ. "ಮಿಷನ್ ಕೆಟ್ಟೋಯ್ತು ಕಣವ್ವ. ತಪ್ಪು ನಂದೇಯ," ಎಂದ.

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಚೆನ್ನಾಗಿ ತಿರುಗುತ್ತಿದ್ದ ಮಿಷನ್ನನ್ನು ಜಗಲಿಗೆ ಹೊತ್ತು ತಂದು, ಅವಳ ಎದುರಿಗೇ ಕುಳಿತು, ಅದರ ತಿರುಪುಗಳನ್ನು ಬಿಚ್ಚತೊಡಗಿದ.