ಇನ್ನೊಂದು ಮಹಡಿ

ಮೆಟ್ರೋ ನಿಲ್ದಾಣದ ಎದುರಿನ ಕಟ್ಟಡಕ್ಕೆ ಇನ್ನೊಂದು ಮಹಡಿ ಬೇಕೆಂದು ಬಿಲ್ಡರ್ ಮೇಲ್ಮನವಿ ಹಾಕಿದ್ದ. ವಿಚಾರಣೆಯ ದಿನ, ಗಾಳಿ ಹೋಗುತ್ತೆ, ಬೆಳಕು ಹೋಗುತ್ತೆ ಎಂಬ ಅಕ್ಕಪಕ್ಕದವರ ತಕರಾರು ಕೇಳಿ ಕೇಳಿ ಅಧಿಕಾರಿಗೆ ತಲೆ ಚಿಟ್ಟು ಹಿಡಿದಿತ್ತು. ಕೊನೆಗೆ ಎದ್ದವನು ಆ ಕಟ್ಟಡದ ಹಿಂದಿನ ಮನೆಯ ಮೇಲಂತಸ್ತಿನಲ್ಲಿ ಇರುವವನು.

"ಒಪ್ಪಿಗೆ ಕೊಟ್ಬಿಡಿ ಸಾರ್."

ಅಧಿಕಾರಿ ಕನ್ನಡಕ ಏರಿಸಿದರು. "ಬಿಲ್ಡರ್ ಕಡೆಯವರೇನ್ರೀ ನೀವು?"

"ಅವರ ಮುಖಾನೇ ನೋಡಿಲ್ಲ ಸಾರ್."

"ನಿಮ್ಮ ಕಿಟಕಿಗೇ ಗೋಡೆ ಅಡ್ಡ ಬರುತ್ತೆ. ಮನೆ ಕತ್ತಲಾಗುತ್ತೆ."

"ಆಗ್ಲಿ ಸಾರ್."

ತನ್ನ ಮನೆಗೆ ಕತ್ತಲು ಬೇಡಿ ಬಂದವನನ್ನು ಅವರು ಇಡೀ ಸರ್ವಿಸಿನಲ್ಲಿ ಕಂಡಿರಲಿಲ್ಲ. "ಕತ್ತಲೇ ಬೇಕಾದ್ರೆ ಪರದೆ ಹಾಕ್ಕೊಳ್ರೀ!"

ಸಭೆ ಗೊಳ್ಳೆಂದು ನಕ್ಕಿತು. ನಗು ಅಡಗುವವರೆಗೂ ಅವನು ತಲೆ ತಗ್ಗಿಸಿ ನಿಂತಿದ್ದ.

"ಹಾಕಿದ್ದೆ ಸಾರ್. ನನ್ನ ಹೆಂಡತಿ ಕಿತ್ತು ಬಿಸಾಡ್ತಾಳೆ."

"ಯಾಕೆ? ಆ ಕಿಟಕೀಲಿ ಅಂಥದ್ದೇನು ಕಾಣುತ್ತೆ?"

"ಪ್ಲಾಟ್‌ಫಾರ್ಮ್ ಸಾರ್. ನಮ್ಮ ಮಗಳು ಹಳಿಗೆ ಬಿದ್ದ ಜಾಗ. ಈಗ್ಲೂ ಒಂದೊಂದು ರೈಲು ಬರುವಾಗ್ಲೂ ಅವಳಮ್ಮ ಕಿಟಕಿಯಿಂದ್ಲೇ ಕೂಗ್ತಾಳೆ, 'ಹಿಂದೆ ಸರಿ ಪುಟ್ಟೀ, ಹಿಂದೆ ಸರಿ' ಅಂತ."